ರಾತ್ರಿಯ ಹಠ, ಮುಂಜಾನೆಯ ಬಿಸಿಲು

ನನ್ನ ಮಗ ಹುಟ್ಟಿದಾಗ ತಕ್ಷಣ ಅಳಲಿಲ್ಲ. ಮಿದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ ಬಂತು, ಬೆನ್ನಿಗೇ ಫಿಟ್ಸ್. ಕಣ್ಣು ಚಲೋ ಇವೆ, ಕಂಡದ್ದನ್ನು ತಿಳಿದುಕೊಳ್ಳುವ ಮಿದುಳಿನ ಭಾಗಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಇಷ್ಟನ್ನೂ ಹೇಗೋ ಒಪ್ಪಿಕೊಂಡೆವು. ತಡೆಯಲಾಗದೇ ಹೋದದ್ದು ರಾತ್ರಿಗಳನ್ನು. ತೊರವಿ ಊರೆಲ್ಲ ಮಲಗಿದ ಮೇಲೆ ಅವನಿಗೆ ಬೆಳಗಾಗುತ್ತಿತ್ತು. ನಗುವುದು, ಚೀರುವುದು, ಕೈ ಕಚ್ಚಿಕೊಳ್ಳುವುದು, ಗೋಡೆಗೆ ತಲೆ ಬಡಿದುಕೊಳ್ಳುವುದು. ಬೇಸಿಗೆಯಲ್ಲಿ ಓಣಿಯವರು ಮಾಳಿಗೆ ಮೇಲೆ ಮಲಗುವ ಊರಿದು. ಒಂದು ಕೂಸು ಚೀರಿದರೆ ಸುತ್ತಲಿನ ಮನೆಯವರೆಲ್ಲ ಎದ್ದು ಕೂಡುತ್ತಾರೆ. “ಅಮಾಸಿ ಹತ್ರ ಬಂತಲ್ಲವ್ವಾ, ಅದಕ್ಕ ಹಿಂಗ ಮಾಡ್ತಾನ” ಎಂದು ಪಕ್ಕದ ಮನೆಯ ಆಯಿ ತೀರ್ಪು ಕೊಟ್ಟಾಗಿತ್ತು. ಅತ್ತೆ ನರಸಿಂಹ ದೇವರಿಗೆ ಹರಕೆ ಹೊತ್ತರು. ಅದಕ್ಕೆ ನನ್ನ ತಕರಾರಿಲ್ಲ. ಫಿಟ್ಸಿನ ಔಷಧ ಬಿಡಿಸಿ ಎಂದವರ ಜೊತೆ ಮಾತ್ರ ಜಗಳಾಡಿದೆ.

ವಿಜಯಪುರದ ಮಕ್ಕಳ ಡಾಕ್ಟರು ನಿದ್ದೆಗುಳಿಗೆ ಬರೆದುಕೊಡುತ್ತಾರೆಂದು ಹೋದರೆ, “ದಿನಾ ಮುಂಜಾನೆ ಬಿಸಿಲಾಗ ಕೂಡಸ್ರಿ” ಎಂದರು. ಕಾಣದ ಹುಡುಗನಿಗೆ ಬೆಳಕು ಯಾಕೆ? ಅವರೇ ಬಿಡಿಸಿ ಹೇಳಿದರು. ನಮ್ಮ ಮಿದುಳಿನೊಳಗೆ ಒಂದು ಗಡಿಯಾರವಿದೆ, ಹೆಚ್ಚಿನವರಲ್ಲಿ ಅದರ ದಿನ 24 ತಾಸಿಗಿಂತ ತುಸು ಉದ್ದ. ಬೆಳಗಿನ ಬೆಳಕು ಅದನ್ನು ದಿನವೂ ತಿದ್ದಿ ಕೂಡಿಸುತ್ತದೆ. ಹಗಲು-ರಾತ್ರಿಯ ಸುದ್ದಿ ಮುಟ್ಟಿಸಲೆಂದೇ ಕಣ್ಣಿನ ಪರದೆಯಲ್ಲಿ ಬೇರೆ ಕೋಶಗಳಿವೆ. ನೋಟದ ದಾರಿ ಕೆಟ್ಟರೂ ಆ ದಾರಿ ಉಳಿದಿರಬಹುದು. ಕಣ್ಣಿನಿಂದ ಬೆಳಕಿನ ಸುದ್ದಿ ಒಳಗೆ ಹೋಗದೇ ಇರುವ ಮಕ್ಕಳ ಕಥೆ ಬೇರೆ: ಅವರ ನಿದ್ದೆಯ ಹೊತ್ತು ದಿನದಿಂದ ದಿನಕ್ಕೆ ಮುಂದಕ್ಕೆ ಜಾರುತ್ತ ಹೋಗಬಹುದು. ಅಂಥವರಿಗೆ ಡಾಕ್ಟರೇ ಹೊತ್ತು ಗೊತ್ತುಮಾಡಿ ಮೆಲಟೋನಿನ್ ಕೊಡುವುದುಂಟು. ಅದು ಸಾಮಾನ್ಯ ನಿದ್ದೆಗುಳಿಗೆಯಲ್ಲ, ಕತ್ತಲಾದಾಗ ಮೈಯೇ ಮಾಡಿಕೊಳ್ಳುವ ರಸ. ಅಂಗಡಿಯಿಂದ ನಾವೇ ತಂದು ಕೊಡುವಂಥದ್ದೂ ಅಲ್ಲ.

ಹಾಗಾಗಿ ನಾನು ರಾತ್ರಿಯನ್ನು ಬಿಟ್ಟು ಹಗಲನ್ನು ಹಿಡಿದೆ. ಅತ್ತೆ ಜೋಳದ ರೊಟ್ಟಿ ಬಡಿಯಲು ಕೂತರೆಂದರೆ ಅವನು ಅಂಗಳದಲ್ಲಿರಬೇಕು. ತಟತಟ ಸಪ್ಪಳ, ಸುಡುವ ರೊಟ್ಟಿಯ ವಾಸನೆ, ಮುಖಕ್ಕೆ ಎಳೆಬಿಸಿಲು: ಮೂರೂ ಒಟ್ಟಿಗೆ ಬಂದರೆ ಬೆಳಗು. ಮಧ್ಯಾಹ್ನ ಇಡೀ ಮನೆ ಸೆಕೆಗೆ ಅಡ್ಡಾಗುವ ಹೊತ್ತಿನಲ್ಲಿ ಅವನನ್ನು ಎಬ್ಬಿಸುವುದೇ ದೊಡ್ಡ ಕೆಲಸವಾಯಿತು. ಆದರೂ ಮೂರು ಗಂಟೆ ದಾಟಗೊಡಲಿಲ್ಲ. ಸಂಜೆ ಬೆಚ್ಚಗಿನ ನೀರಿನ ಸ್ನಾನ, ಊಟ, ಆಮೇಲೆ ಅಜ್ಜಿ ಹೊಲಿದ ಕೌದಿ. ಅದರ ಒಂದು ಮೂಲೆಗೆ ದಪ್ಪ ಗಂಟು ಹಾಕಿದ್ದೇನೆ. ಗಂಟು ಕೈಗೆ ಕೊಟ್ಟರೆ ಮಲಗುವ ಹೊತ್ತು ಎಂದು ಅವನಿಗೆ ತಿಳಿಯುತ್ತದೆ. ಆ ಕೌದಿಯನ್ನು ಹಗಲು ಅವನ ಕೈಗೆ ಸಿಗದಂತೆ ಎತ್ತಿಡುತ್ತೇನೆ.

ಕೈ ಕಚ್ಚಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಕೆಟ್ಟ ರಾತ್ರಿ ಕಳೆದ ದಿನಕ್ಕೆ ಕೆಂಪು ಗೆರೆ, ಸಂಡಾಸು ಆಗದ ದಿನಕ್ಕೆ ನೀಲಿ ಗೆರೆ ಎಳೆಯುತ್ತ ಬಂದೆ. ಕೆಂಪು ಗೆರೆ ಅಮಾವಾಸ್ಯೆಯನ್ನು ಹುಡುಕಿಕೊಂಡು ಹೋಗಲಿಲ್ಲ, ನೀಲಿಯ ಬೆನ್ನು ಹತ್ತಿತ್ತು. ಓಡಾಡದ ಮಗುವಿಗೆ ಮಲಬದ್ಧತೆ ಸಾಮಾನ್ಯ. ಮಾತು ಬಾರದವನು ಹೊಟ್ಟೆನೋವನ್ನು ಇನ್ನು ಹೇಗೆ ಹೇಳಬೇಕು? ಹಲ್ಲು, ಕಿವಿ, ಎದೆಯುರಿ ಇವನ್ನೆಲ್ಲ ನೋಡಿ ಮುಗಿಸುವವರೆಗೆ ಹಠ ಎನ್ನುವ ಹೆಸರಿಡಬಾರದು. ಕೆಲವು ಫಿಟ್ಸ್ ಔಷಧಗಳೂ ಮಕ್ಕಳನ್ನು ಸಿಡಿಮಿಡಿ ಮಾಡುತ್ತವೆ. ನಮ್ಮ ಡಾಕ್ಟರು ಆ ಗೆರೆಗಳನ್ನು ನೋಡಿಯೇ ಅವನ ಔಷಧವೊಂದನ್ನು ನಿಧಾನವಾಗಿ ಬದಲಿಸಿದರು. ನಾವೇ ದಿಢೀರನೆ ನಿಲ್ಲಿಸಿದ್ದರೆ ಫಿಟ್ಸ್ ಜೋರಾಗುವ ಅಪಾಯವಿತ್ತು. ನಿದ್ದೆಗೆಟ್ಟರೂ ಫಿಟ್ಸ್ ಹೆಚ್ಚುತ್ತದೆ, ಫಿಟ್ಸ್ ಬಂದರೆ ಮತ್ತೆ ನಿದ್ದೆ ಕೆಡುತ್ತದೆ.

ಖರ್ಚಿನ ವಿಷಯವನ್ನೂ ಹೇಳಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿಯೂ ಅದರಲ್ಲಿ ಸೇರುತ್ತದೆ. ನನಗೆ ಇದನ್ನು ಹೇಳಿದ್ದು ಯಾವ ಕಚೇರಿಯೂ ಅಲ್ಲ, ಥೆರಪಿ ಕೋಣೆಯ ಹೊರಗೆ ಕೂತಿದ್ದ ತಿಕೋಟಾದ ಇನ್ನೊಬ್ಬ ತಾಯಿ.

ಈಗಲೂ ಮದುವೆ ಸುಗ್ಗಿಯಲ್ಲಿ ಡಿಜೆ ಬಂದರೆ ಎಲ್ಲ ಕೆಡುತ್ತದೆ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದಾಗ ಯಜಮಾನರು ದ್ರಾಕ್ಷಿಗೆ ನೀರು ಬಿಡಲು ಏಳುತ್ತಾರೆ, ಬಾಗಿಲ ಸಪ್ಪಳಕ್ಕೆ ಇವನೂ ಏಳುತ್ತಾನೆ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಿದ್ದೇವೆ. ಡಿಜೆಗೆ ಇನ್ನೂ ಉಪಾಯ ಸಿಕ್ಕಿಲ್ಲ.