ವೀಲ್‌ಚೇರ್ ಜೊತೆ ಹಕ್ಕಿ ನೋಡಲು

ಪ್ರೀತಿಯ ತಮ್ಮನಿಗೆ,

ವೀಲ್‌ಚೇರ್‌ನಲ್ಲಿ ಓಡಾಡುವವನಿಗೆ ಹಕ್ಕಿ ನೋಡುವ ಹುಚ್ಚು ಯಾಕೆ ಎಂದು ನೆಂಟರು ಕೇಳುತ್ತಾರೆಂದು ಬರೆದಿದ್ದೀಯ. ಕೇಳಲಿ ಬಿಡು. ಬೆಟ್ಟ ಹತ್ತಿ ಕಾಡು ಸುತ್ತಿದರೇ ಹಕ್ಕಿ ಕಾಣುವುದು ಎಂಬ ಭ್ರಮೆ ನಮ್ಮ ಜನರಲ್ಲಿ ಬಲವಾಗಿದೆ. ನಡೆದು ಬರುವ ಮನುಷ್ಯನನ್ನು ಕಂಡೊಡನೆ ಹಾರುವ ಹಕ್ಕಿ, ನಿಂತ ಕಾರಿನ ಪಕ್ಕದಲ್ಲಿ ನಿಶ್ಚಿಂತೆಯಿಂದ ಹುಳ ಹೆಕ್ಕುತ್ತಿರುತ್ತದೆ. ಆದ್ದರಿಂದ ಹಕ್ಕಿಯೇ ಹತ್ತಿರ ಬರುವ ಜಾಗಗಳನ್ನು ಆರಿಸಿಕೋ.

ಮೊದಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗು. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಸೆಮರಗಳಲ್ಲೇ, ಮನೆಗಳ ನೆತ್ತಿಯ ಮೇಲೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ಕರೆಯುತ್ತಾರೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಎಂದು ಘೋಷಿಸಿದ್ದು ಆಮೇಲಿನ ಮಾತು. ಹಕ್ಕಿಗಳನ್ನು ಕಾಯುತ್ತ ಬಂದವರು ಹಳ್ಳಿಯ ಜನ. ಬೀದಿಯಲ್ಲೇ ಕುರ್ಚಿ ನಿಲ್ಲಿಸಿ ಒಂದು ಗೂಡನ್ನು ಮಾತ್ರ ನೋಡುತ್ತಿರು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲಚೀಲದೊಳಗೆ ಕುತ್ತಿಗೆಯವರೆಗೂ ತಲೆ ತೂರಿಸಿ ಮೀನು ತಿನ್ನುತ್ತದೆ. ನುಂಗಿಯೇ ಬಿಟ್ಟಿತೇನೋ ಎಂದು ನಮಗೇ ಗಾಬರಿ. ಬಿಸಿಲೇರಿದಾಗ ಬಣ್ಣದ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಹಾಂ, ನಿನಗೂ ಒಂದು ಕೊಡೆ ಇರಲಿ. ಮೇಲಿನಿಂದ ಬೀಳುವ ಹಿಕ್ಕೆ ಊರವರ ಹೊಲಕ್ಕೆ ಗೊಬ್ಬರ, ನಿನ್ನ ಅಂಗಿಗಲ್ಲ.

ರಂಗನತಿಟ್ಟು ಎಲ್ಲರಿಗೂ ಗೊತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ದೋಣಿಯಲ್ಲಿ ಕೂತರೆ ಗೂಡುಗಳ ಹತ್ತಿರಕ್ಕೇ ಹೋಗಬಹುದು. ನಮ್ಮಂಥವರಿಗೆ ಕಷ್ಟವಾಗುವುದು ದಡದಿಂದ ದೋಣಿಗೆ ಇಳಿಯುವ ಆ ಒಂದು ಹೆಜ್ಜೆ. ನಿನ್ನನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬಾರದು ಎಂದು ದೋಣಿಯವರಿಗೆ ನೀನೇ ಬಾಯಿಬಿಟ್ಟು ಹೇಳು, ಸಂಕೋಚ ಬೇಡ. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡೇ ಹೊರಡು.

ದೂರ ಹೋಗುವ ಆಸೆಯಿದ್ದರೆ ರಾಜಸ್ಥಾನದ ಭರತ್‌ಪುರ. ಅಲ್ಲಿನ ಕೇವಲಾದೇವ್ ಉದ್ಯಾನದ ಮುಖ್ಯ ರಸ್ತೆ ಸಮತಟ್ಟು, ಎರಡೂ ಕಡೆ ಜೌಗು. ರಿಕ್ಷಾ ಓಡಿಸುವವರೇ ಹಕ್ಕಿ ಗುರುತಿಸಿ ತೋರಿಸುತ್ತಾರೆ. ಚಳಿಗಾಲದಲ್ಲಿ ಹೋಗು. ನನ್ನನ್ನು ಕೇಳಿದರೆ, ನಡೆಯಲಾಗದವರಿಗೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಪಕ್ಷಿಧಾಮವಿಲ್ಲ.

ಬೈನಾಕ್ಯುಲರ್ ಹಗುರವಾದದ್ದನ್ನು ಕೊಳ್ಳು, 8x32 ಸಾಕು. ದೊಡ್ಡದನ್ನು ಕೊಂಡು ತೋಳು ನೋಯಿಸಿಕೊಂಡವರನ್ನು ಕಂಡಿದ್ದೇನೆ.

ಹೊರಡುವ ಮುಂಚೆ ವಸತಿಗೃಹಕ್ಕೆ ಫೋನ್ ಮಾಡಿದಾಗ 'ಅನುಕೂಲ ಇದೆಯಾ' ಎಂದು ಕೇಳಬೇಡ. 'ಇದೆ ಸಾರ್, ಬನ್ನಿ' ಎಂದೇ ಅನ್ನುತ್ತಾರೆ. ಮೆಟ್ಟಿಲು ಎಷ್ಟು, ಶೌಚಾಲಯದ ಬಾಗಿಲು ಎಷ್ಟು ಇಂಚು ಅಗಲ, ಕಮೋಡ್ ಪಕ್ಕ ಹಿಡಿಕೆ ಇದೆಯೇ ಎಂದು ಕೇಳು. ಬಾಗಿಲಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೋ. ಇಳಿಜಾರು ಇದೆ ಎಂದರೆ ಅದರ ಫೋಟೋವನ್ನೂ ಕೇಳು. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕೆಂಬುದು ನಿಯಮ, ಎಷ್ಟೋ ಕಡೆ ಕಟ್ಟಿರುವುದು ಜಾರುಬಂಡೆ.

ಹೊಸ ಜಾತಿಗಳ ಪಟ್ಟಿ ಬೆಳೆಸುವ ಪೈಪೋಟಿಗೆ ಬೀಳಬೇಡ. ಹಕ್ಕಿ ಎಣಿಕೆ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಒಂದೇ ಕಡೆ ಕೂತು ಮಾಡಿದ ಎಣಿಕೆಯನ್ನು ದಾಖಲಿಸಲು ಪ್ರತ್ಯೇಕ ವಿಧಾನವೇ ಇದೆ. ಮನೆಯ ಜಗಲಿಯಲ್ಲಿ ಕೂತು ಬರೆದದ್ದೂ ಅಲ್ಲಿ ಮಾಹಿತಿಯೇ.

ಅಮೆರಿಕದಲ್ಲಿ ವೀಲ್‌ಚೇರ್ ಬಳಸುವ ವರ್ಜೀನಿಯಾ ರೋಸ್ ಎಂಬ ಪಕ್ಷಿವೀಕ್ಷಕಿ ಬರ್ಡಬಿಲಿಟಿ ಎಂಬ ಸಂಸ್ಥೆ ಕಟ್ಟಿದ್ದಾರೆ. ಯಾವ ಜಾಗದಲ್ಲಿ ದಾರಿ ಹೇಗಿದೆ, ಶೌಚಾಲಯ ಹೇಗಿದೆ ಎಂದು ಹೋಗಿ ಬಂದವರೇ ಬರೆಯುವ ನಕ್ಷೆ ಅವರದು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮನರಂಜನೆಯಲ್ಲಿ ಸಮಾನವಾಗಿ ಭಾಗವಹಿಸುವುದನ್ನೂ ಹಕ್ಕು ಎನ್ನುತ್ತದೆ. ಆದರೆ ಮೆಟ್ಟಿಲ ಲೆಕ್ಕ ಬರೆದಿಡುವವರು ಬೇಕಲ್ಲ. ಬೆಳ್ಳೂರಿಗೆ ಹೋಗಿ ಬಂದ ಮೇಲೆ ಕಂಡ ಹಕ್ಕಿಗಳ ಕೆಳಗೆ ದಾರಿ, ಬಾಗಿಲು, ಮೆಟ್ಟಿಲುಗಳ ವಿವರವನ್ನೂ ಬರೆ. ಒಂದು ಪ್ರತಿ ಅರಣ್ಯ ಇಲಾಖೆಗೆ, ಒಂದು ನನಗೆ ಕಳಿಸು.

ಇಂತಿ,
ನಿನ್ನ ಹಿರಿಯ ಹಿತೈಷಿ