ಅಡ್ಡಹೆಸರಿನ ಮೂಲ: ಹರ್ತಿಯಲ್ಲಿ ಬೋಧಿಸಿದ ಒಂದು ಪಾಠ

ವಿಷಯ: ಸಮಾಜ ವಿಜ್ಞಾನ. ತರಗತಿ: 8. ಅವಧಿ: 40 ನಿಮಿಷ.

ಉದ್ದೇಶಗಳು: ವಿದ್ಯಾರ್ಥಿಯು ಅಡ್ಡಹೆಸರುಗಳನ್ನು ಅವುಗಳ ಮೂಲಕ್ಕನುಸಾರ ವರ್ಗೀಕರಿಸುವನು, ಹೆಸರಿನಿಂದ ವ್ಯಕ್ತಿಯ ಇಂದಿನ ವೃತ್ತಿಯನ್ನು ನಿರ್ಧರಿಸಲಾಗದೆಂದು ಕಾರಣಸಹಿತ ಹೇಳುವನು.

ಪೂರ್ವಸಿದ್ಧತೆ: ನಮ್ಮ ಭಾಗದಲ್ಲಿ ಅಡ್ಡಹೆಸರು ಕೇಳುವುದೆಂದರೆ ಎಷ್ಟೋ ಸಲ ಜಾತಿ ಕೇಳಿದಂತೆಯೇ. ಆದ್ದರಿಂದ ಯಾವ ಮಗುವಿನ ಅಡ್ಡಹೆಸರನ್ನೂ ಕೇಳಬಾರದೆಂದು ನಿರ್ಧರಿಸಿ, ದೂರದ ಫ್ರಾನ್ಸಿನಿಂದ ಪಾಠ ಆರಂಭಿಸಿದೆ. ಹೆಸರುಗಳನ್ನು ಮಿಂಚುಪಟ್ಟಿಗಳಲ್ಲಿ ಬರೆದುಕೊಂಡಿದ್ದೆ.

ಪಾಠದ ಬೆಳವಣಿಗೆ: ಮೊದಲ ಪಟ್ಟಿ 'ಲೆಫೆವ್ರ'. ಹಳೆಯ ಫ್ರೆಂಚಿನಲ್ಲಿ 'ಫೆವ್ರ' ಎಂದರೆ ಕಮ್ಮಾರ. ಅದರ ಮೂಲ ಲ್ಯಾಟಿನ್ನಿನ 'ಫಾಬೆರ್'. ಆ ಮೂಲವನ್ನು ನೆನಪಿಸಲು ಬರಹಗಾರರು ನಡುವೆ 'ಬ' ಅಕ್ಷರ ಸೇರಿಸಿದರು, ಅದರ ಉಚ್ಚಾರವಿಲ್ಲ. ಎರಡನೆಯದು 'ದುಬ್ವಾ', ಅಂದರೆ 'ಕಾಡಿನವನು'. 1792ರಲ್ಲಿ ಭಾರತಕ್ಕೆ ಬಂದು ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದ ಪಾದ್ರಿ ದುಬ್ವಾ ಅವರ ಹೆಸರು ಇದೇ.

ಇವುಗಳ ಪಕ್ಕದಲ್ಲಿ ಕಮ್ಮಾರ, ಬಡಿಗೇರ, ಕುಲಕರ್ಣಿ, ಲಕ್ಕುಂಡಿ, ಹರ್ತಿ ಎಂಬ ಪಟ್ಟಿಗಳನ್ನು ಇಟ್ಟೆ. ಮಕ್ಕಳು ವೃತ್ತಿ, ಅಧಿಕಾರ, ಊರು ಎಂದು ವಿಂಗಡಿಸಿದರು. "ಹರ್ತಿಯೊಳಗೇ ಇದ್ದವರನ್ನು ಹರ್ತಿ ಎಂದು ಕರೆದರೆ ಗುರುತು ಸಿಗುವುದೇ?" ಎಂದು ಕೇಳಿದೆ. "ಇಲ್ರಿ ಸರ್, ಊರು ಬಿಟ್ಟು ಹೋದ್ರ ಆ ಹೆಸರು ಬರ್ತೈತಿ" ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಊರಿನ ಹೆಸರು ಅಂಟುವುದು ಊರ ಹೊರಗೆ ಎಂಬ ಸೂತ್ರವನ್ನು ಮಕ್ಕಳೇ ಕಂಡುಕೊಂಡರು.

ಒಬ್ಬ ಹುಡುಗಿ ತಾನಾಗಿಯೇ ಎದ್ದಳು: "ಸರ್, ಬಡಿಗೇರ ಅಂದ್ರ ಬಡಿಗತನಾನೇ ಮಾಡ್ಬೇಕೇನ್ರಿ?"

ಪಾಠದ ಜೀವಾಳ ಈ ಪ್ರಶ್ನೆಯಲ್ಲಿತ್ತು. ಫ್ರಾನ್ಸಿನಲ್ಲಿ 1539ರ ರಾಜಾಜ್ಞೆಯಿಂದ ಚರ್ಚುಗಳು ದೀಕ್ಷಾಸ್ನಾನದ ದಾಖಲೆ ಇಡಬೇಕಾಯಿತು. ಜನನಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳಬಾರದೆಂದು 1794ರ ಕಾನೂನು ಹೇಳಿತು. ಹೆಸರು ಕಾಗದದಲ್ಲಿ ನಿಂತಿತು, ಬದುಕು ಮುಂದೆ ನಡೆಯಿತು. ನಮ್ಮಲ್ಲಿಯೂ ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಯಿತು. ಕುಲಕರ್ಣಿ ಎಂಬ ಹೆಸರು ಮಾತ್ರ ಉಳಿಯಿತು. "ಹೆಸರು ಹಿಂದಿನವರ ಕೆಲಸ ಹೇಳಬಹುದು, ನಿನ್ನ ಕೆಲಸವನ್ನಲ್ಲ" ಎಂದೆ.

ಮೌಲ್ಯಮಾಪನ: ಪಾಠದಲ್ಲಿ ಬಾರದ ಅಂಗಡಿ, ಮುಳಗುಂದ, ದೇಸಾಯಿ, ಕುಂಬಾರ ಎಂಬ ಹೆಸರುಗಳನ್ನು ಕೊಟ್ಟು ವಿಂಗಡಿಸಿ ಕಾರಣ ಬರೆಯಲು ಹೇಳಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ: ಈ ಪಾಠಕ್ಕೆ ಹಾಜರಿ ಪುಸ್ತಕವನ್ನು ಬೋಧನೋಪಕರಣವಾಗಿ ಬಳಸಬೇಡಿ. ಮಗು ತಾನೇ ಹೇಳಿದರೆ ಗೌರವದಿಂದ ಕೇಳಿಸಿಕೊಳ್ಳಿ; ಹೇಳದಿದ್ದರೆ ಆ ಮೌನಕ್ಕೂ ತರಗತಿಯಲ್ಲಿ ಜಾಗವಿರಲಿ.