ಸೌರವಿದ್ಯುತ್ತೂ ಕೂಲಿಯ ಲೆಕ್ಕವೂ

ಕಲ್ಲಿದ್ದಲನ್ನು ಬಿಟ್ಟು ಬಿಸಿಲಿನಿಂದ ವಿದ್ಯುತ್ತನ್ನು ಪಡೆದರೆ ಉದ್ಯೋಗ ಹೆಚ್ಚುವುದೋ ತಗ್ಗುವುದೋ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಒಟ್ಟು ಲೆಕ್ಕದಿಂದಲೇ ಉತ್ತರ ಹೇಳುವ ರೂಢಿಯುಂಟು. ಆ ಲೆಕ್ಕ ಸಾಲದೆಂದು ನನ್ನ ಎಣಿಕೆ.

ರಾಯಚೂರಿನ ಶಕ್ತಿನಗರದ ಉಷ್ಣಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅಲ್ಲಿಗೆ ಕಲ್ಲಿದ್ದಲು ರೈಲಿನಲ್ಲಿ ಬರಬೇಕು, ಇಳಿಯಬೇಕು, ಪುಡಿಯಾಗಬೇಕು. ಉರಿದ ಮೇಲೆ ಬೂದಿಯನ್ನು ಸಾಗಿಸಬೇಕು. ಇದಕ್ಕೆಲ್ಲ ದಿನವೂ ಆಳು ಬೇಕು. ಬಿಸಿಲಿಗಾದರೋ ಗಣಿಯೂ ಇಲ್ಲ, ಬೂದಿಯೂ ಇಲ್ಲ. ಆದ್ದರಿಂದ ಸೌರಸ್ಥಾವರದಲ್ಲಿ ಹೆಚ್ಚಿನ ಕೆಲಸ ಕಟ್ಟುವಾಗಲೇ; ಆಮೇಲೆ ಉಳಿಯುವುದು ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು, ಮತ್ತು ಕೆಲವೇ ತಂತ್ರಜ್ಞರ ಹುದ್ದೆಗಳು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರ ಕೊನೆಗೆ ಪೂರ್ಣಗೊಂಡ ಸೋಲಾರ್ ಪಾರ್ಕು ಸುಮಾರು 13,000 ಎಕರೆಯದು. ಸಾಮರ್ಥ್ಯ 2050 ಮೆಗಾವಾಟ್. ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ರೈತನಿಗೆ ಇದು ನಿಶ್ಚಿತ ವರಮಾನ. ಈ ಏರ್ಪಾಡನ್ನು ನಾನು ಮೆಚ್ಚುತ್ತೇನೆ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು ಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಹೆಂಗಸಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ, ಕೂಲಿಯೂ ಹೋಯಿತು. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲವಾದ್ದರಿಂದ, ಉದ್ಯೋಗ ಕಳೆದುಕೊಂಡವರ ಪಟ್ಟಿಗೂ ಅವಳು ಸೇರುವುದಿಲ್ಲ.